ತನ್ನದೇ ವಸಾಹತಿಗೆ ಬ್ರಿಟನ್ ಖಾತರಿ ಬರೆದುಕೊಟ್ಟದ್ದೇಕೆ?

ಪ್ರಶ್ನೆ: ನಾನು ಹಾಸನದವನು, ನಿವೃತ್ತ ಬ್ಯಾಂಕ್ ನೌಕರ. 1968ರಲ್ಲಿ ಬ್ರಿಟನ್ ಸರ್ಕಾರ ಹಾಂಗ್‌ಕಾಂಗ್ ಜೊತೆ ಅದರ ವಿದೇಶಿ ಮೀಸಲು ನಿಧಿಯ ಬಗ್ಗೆ ಒಪ್ಪಂದ ಮಾಡಿಕೊಂಡಿತು ಎಂದು ಓದಿದೆ. ಆಗ ಹಾಂಗ್‌ಕಾಂಗ್ ಬ್ರಿಟನ್ನಿನದೇ ವಸಾಹತು. ಗವರ್ನರನನ್ನು ಕಳಿಸುವವರು ಲಂಡನ್ನಿನವರೇ. ಹಾಗಿರುವಾಗ ಇದು ಎಡಗೈ ಬಲಗೈಗೆ ಪ್ರಾಮಿಸರಿ ನೋಟು ಬರೆದುಕೊಟ್ಟ ಹಾಗಾಗಲಿಲ್ಲವೇ? ಇನ್ನೊಂದು: ಯುದ್ಧ ಮುಗಿದಾಗ ಬ್ರಿಟನ್ ನಮಗೆ ಕೊಡಬೇಕಿದ್ದ ಸ್ಟರ್ಲಿಂಗ್ (ಪೌಂಡ್) ಬಾಕಿಗೆ ಇಂಥ ಖಾತರಿ ಯಾಕೆ ಸಿಗಲಿಲ್ಲ? ಹಾಂಗ್‌ಕಾಂಗ್‌ಗಾದರೂ ಆ ಖಾತರಿಯ ದುಡ್ಡು ನಿಜವಾಗಿ ಬಂತೇ?

ಉತ್ತರ: ಕಾನೂನಿನ ಮಾತು ಕೇಳಿದರೆ ನಿಮ್ಮ ಅನುಮಾನ ಪೂರ್ತಿ ಸರಿ. ವಸಾಹತಿಗೆ ಒಡಂಬಡಿಕೆಗೆ ಸಹಿ ಹಾಕುವ ಅಧಿಕಾರವಿಲ್ಲ. ಅದರ ವಿದೇಶಾಂಗವೆಲ್ಲ ಲಂಡನ್ನಿನದು. ಅದೂ ಸಾಲದೆಂಬಂತೆ ಹಾಂಗ್‌ಕಾಂಗ್ ಗವರ್ನರನಿಗೆ ರಾಣಿಯ ಹೆಸರಿನಲ್ಲಿ ಕೊಟ್ಟಿದ್ದ ನಿರ್ದೇಶನಗಳಲ್ಲಿ ಒಂದು ಕಲಮು ಇತ್ತು: ವಸಾಹತಿನ ನಾಣ್ಯಕ್ಕೋ ಬ್ಯಾಂಕ್ ನೋಟಿಗೋ ಸಂಬಂಧಪಟ್ಟ ಮಸೂದೆಗೆ ಲಂಡನ್ನನ್ನು ಕೇಳದೆ ಅಂಕಿತ ಹಾಕಕೂಡದು. ಕಾಗದದ ಮೇಲೆ ನೋಡಿದರೆ ಹಾಂಗ್‌ಕಾಂಗ್ ತನ್ನ ಮೀಸಲಿನ ಬಗ್ಗೆ ಚೌಕಾಸಿ ಮಾಡುವುದಿರಲಿ, ಬಾಯಿ ಬಿಡುವುದಕ್ಕೂ ಜಾಗವಿರಲಿಲ್ಲ. ಆದರೂ ಅದು ಚೌಕಾಸಿ ಮಾಡಿತು, ಗೆದ್ದಿತು. ಯಾಕೆ ಅನ್ನುವುದಕ್ಕೆ ಮೊದಲು ದುಡ್ಡು ಎಲ್ಲಿ ಕೂತಿತ್ತು ಅಂತ ನೋಡಬೇಕು.

ಹಾಂಗ್‌ಕಾಂಗ್‌ನಲ್ಲಿ ಆಗ ಕೇಂದ್ರ ಬ್ಯಾಂಕೇ ಇರಲಿಲ್ಲ. ಆ ಕೆಲಸ ನೋಡುವ ಹಣಕಾಸು ಪ್ರಾಧಿಕಾರ ಹುಟ್ಟಿದ್ದೇ 1993ರಲ್ಲಿ. ನೋಟು ಹೊರಡಿಸುತ್ತಿದ್ದುದು ಮೂರು ವಾಣಿಜ್ಯ ಬ್ಯಾಂಕುಗಳು: ಹಾಂಗ್‌ಕಾಂಗ್ ಅಂಡ್ ಶಾಂಘೈ ಬ್ಯಾಂಕ್, ಚಾರ್ಟರ್ಡ್ ಬ್ಯಾಂಕ್, ಮರ್ಕಂಟೈಲ್ ಬ್ಯಾಂಕ್. 1935ರಲ್ಲಿ ಚೀನಾ ಬೆಳ್ಳಿ ನಾಣ್ಯ ಬಿಟ್ಟಾಗ ಹಾಂಗ್‌ಕಾಂಗ್ ಕೂಡ ಬಿಟ್ಟು ಪೌಂಡಿಗೆ ಅಂಟಿಕೊಂಡಿತು. ದರ 16 ಹಾಂಗ್‌ಕಾಂಗ್ ಡಾಲರಿಗೆ ಒಂದು ಪೌಂಡ್. ಬ್ಯಾಂಕೊಂದು ಹೊಸದಾಗಿ ನೂರು ಡಾಲರಿನ ನೋಟು ಹೊರಬಿಡಬೇಕಾದರೆ 6 ಪೌಂಡ್ 5 ಶಿಲಿಂಗನ್ನು ಸರ್ಕಾರದ ಎಕ್ಸ್‌ಚೇಂಜ್ ಫಂಡಿಗೆ ಕಟ್ಟಿ, ಅಷ್ಟಕ್ಕೆ ಒಂದು ಋಣಪತ್ರ ಪಡೆಯಬೇಕು. ಆ ಪೌಂಡುಗಳು ಲಂಡನ್ನಿನಲ್ಲಿ ಬ್ರಿಟಿಷ್ ಸರ್ಕಾರದ ಸಾಲಪತ್ರಗಳಾಗಿ ಕೂರುತ್ತಿದ್ದವು. ಕೌಲೂನಿನ ಬೀದಿಯಲ್ಲಿ ಮೀನು ಮಾರುವವಳ ಸೊಂಟದ ಚೀಲದಲ್ಲಿದ್ದ ಪ್ರತಿ ನೋಟಿನ ಹಿಂದೆಯೂ ಹೀಗೆ ಬ್ರಿಟನ್ನಿಗೆ ಕೊಟ್ಟ ಸಾಲವಿತ್ತು. ಇದರ ಮೇಲೆ, ಹಾಂಗ್‌ಕಾಂಗ್ ಸರ್ಕಾರ ವರ್ಷವರ್ಷವೂ ಬಜೆಟ್ಟಿನಲ್ಲಿ ಮಿಗಿಸುತ್ತಿದ್ದ ಹಣವೂ ಅಲ್ಲಿಗೇ ಹೋಗುತ್ತಿತ್ತು. 1960ರ ದಶಕದಲ್ಲಿ ಬಟ್ಟೆ, ಪ್ಲಾಸ್ಟಿಕ್ ಹೂವು, ಆಟಿಕೆ ರಫ್ತು ಮಾಡಿ ಆ ಪುಟ್ಟ ಊರು ಜಗತ್ತಿನ ದೊಡ್ಡ ಪೌಂಡ್ ಹಿಡುವಳಿದಾರರಲ್ಲಿ ಒಂದಾಗಿಬಿಟ್ಟಿತ್ತು.

18 ನವೆಂಬರ್ 1967, ಶನಿವಾರ ರಾತ್ರಿ. ಲಂಡನ್ ಪೌಂಡಿನ ಬೆಲೆಯನ್ನು 2.80 ಅಮೆರಿಕನ್ ಡಾಲರಿನಿಂದ 2.40ಕ್ಕೆ ಇಳಿಸಿತು. ಶೇ 14.3ರ ಅಪಮೌಲ್ಯ. ಇಂಥ ವಿಷಯವನ್ನು ಮೊದಲೇ ಹೇಳಿದರೆ ಎಲ್ಲರೂ ಪೌಂಡ್ ಮಾರಿ ಓಡುತ್ತಾರೆ. ಹಾಗಾಗಿ ನೆಚ್ಚಿಕೊಂಡವರಿಗೂ ಹೇಳುವುದಿಲ್ಲ. ಸ್ವಂತ ವಸಾಹತಿಗೂ ಹೇಳಲಿಲ್ಲ. ಭಾನುವಾರ ಹಾಂಗ್‌ಕಾಂಗ್ ಬೇರೆ ದಾರಿ ಕಾಣದೆ 16ರ ದರವನ್ನೇ ಹಿಡಿದು ಪೌಂಡಿನ ಜೊತೆಗೇ ಇಳಿಯಿತು. ಊರಿಗೆ ಊರೇ ಕುದಿಯಿತು. ಅನ್ನ, ತರಕಾರಿ, ಹಂದಿಮಾಂಸ, ಕುಡಿಯುವ ನೀರಿನ ದೊಡ್ಡ ಪಾಲು, ಎಲ್ಲವೂ ಬರುತ್ತಿದ್ದುದು ಹೊರಗಿನಿಂದ. ಪೌಂಡಿನ ಜೊತೆ ಇಳಿದರೆ ನಾಳೆಯಿಂದ ಎಲ್ಲದರ ಬೆಲೆ ಏರಬೇಕು. ಅದೇ ವರ್ಷ ಮೇ ತಿಂಗಳಲ್ಲಿ ಪ್ಲಾಸ್ಟಿಕ್ ಹೂವಿನ ಕಾರ್ಖಾನೆಯೊಂದರ ಕಾರ್ಮಿಕ ಜಗಳದಿಂದ ಶುರುವಾದ ಎಡಪಂಥೀಯ ಗಲಭೆ, ಬೀದಿ ಬಾಂಬುಗಳ ಹಂತಕ್ಕೆ ಹೋಗಿ ಆಗಷ್ಟೇ ತಣ್ಣಗಾಗುತ್ತಿತ್ತು. ಬೆಲೆ ಏರಿಕೆಯ ಬೆಂಕಿಯನ್ನು ಆ ಒಲೆಗೆ ಹಾಕಲು ಯಾರಿಗೂ ಧೈರ್ಯವಿರಲಿಲ್ಲ.

ನಾಲ್ಕೇ ದಿನ. ಗುರುವಾರ, ನವೆಂಬರ್ 23ರಂದು ಹಾಂಗ್‌ಕಾಂಗ್ ತನ್ನ ನಾಣ್ಯವನ್ನು ಪೌಂಡಿನೆದುರು ಶೇ 10ರಷ್ಟು ಮೇಲಕ್ಕೆತ್ತಿತು. ಹೊಸ ದರ 14.55. ವಸಾಹತೊಂದು ಒಡೆಯನ ನಾಣ್ಯದ ಎದುರು ತನ್ನ ನಾಣ್ಯವನ್ನು ಏರಿಸಿದ್ದು ಸಣ್ಣ ಸಂಗತಿಯಲ್ಲ. ಆದರೆ ಇದಕ್ಕೊಂದು ಬೆಲೆ ತೆರಬೇಕಾಯಿತು. ನೀವು ಬ್ಯಾಂಕಿನವರು, ಲೆಕ್ಕ ನಿಮಗೆ ಕೂಡಲೇ ಹತ್ತುತ್ತದೆ. ಲಂಡನ್ನಿನಲ್ಲಿಟ್ಟ 100 ಪೌಂಡ್ ಶನಿವಾರ 1,600 ಹಾಂಗ್‌ಕಾಂಗ್ ಡಾಲರ್, ಗುರುವಾರ 1,455. ಆಸ್ತಿ ಪೌಂಡಿನಲ್ಲಿ, ಹೊಣೆ ಹಾಂಗ್‌ಕಾಂಗ್ ಡಾಲರಿನಲ್ಲಿ. ನಡುವಿನ 145 ಡಾಲರ್ ಯಾರ ತಲೆಗೆ? ಬ್ಯಾಂಕುಗಳು ಕೈ ಚೆಲ್ಲಿದವು. ಸರ್ಕಾರ ಎಕ್ಸ್‌ಚೇಂಜ್ ಫಂಡಿನಿಂದ ಅವುಗಳ ನಷ್ಟ ತುಂಬಿತು, ತನ್ನ ನಷ್ಟವನ್ನು ತಾನೇ ನುಂಗಿತು. ಲಂಡನ್ನಿಂದ ಒಂದು ಪೆನ್ನಿ ಪರಿಹಾರ ಬರಲಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹಣಕಾಸಿನ ಚರಿತ್ರೆಯಲ್ಲಿ ಸಿಕ್ಕಿಲ್ಲ.

ಇಲ್ಲಿಂದ ಮುಂದೆ ರಾಜತಂತ್ರ ಶುರು. ಹಾಂಗ್‌ಕಾಂಗ್ ಕಡೆ ಇಬ್ಬರು: ಗವರ್ನರ್ ಡೇವಿಡ್ ಟ್ರೆಂಚ್ ಮತ್ತು ಹಣಕಾಸು ಕಾರ್ಯದರ್ಶಿ ಜಾನ್ ಕೌಪರ್ತ್‌ವೇಟ್. ಕೌಪರ್ತ್‌ವೇಟ್ ಸ್ಕಾಟ್ಲೆಂಡಿನವರು. ಅಂಕಿಅಂಶ ಸಂಗ್ರಹಿಸಿಟ್ಟರೆ ಸರ್ಕಾರಕ್ಕೆ ಎಲ್ಲದರಲ್ಲೂ ಕೈ ಹಾಕುವ ಚಟ ಹತ್ತುತ್ತದೆ ಎಂದು ರಾಷ್ಟ್ರೀಯ ಆದಾಯದ ಲೆಕ್ಕವನ್ನೇ ತೆಗೆಯಲು ಬಿಡದಿದ್ದ ಹಟಮಾರಿ. ಇಬ್ಬರೂ ಬ್ರಿಟಿಷರು, ಬ್ರಿಟಿಷ್ ವಸಾಹತು ಸೇವೆಯ ಅಧಿಕಾರಿಗಳು. ಎದುರಿಗೆ ಕೂತವರು ಬ್ರಿಟಿಷ್ ಖಜಾನೆಯವರು ಮತ್ತು ಬ್ಯಾಂಕ್ ಆಫ್ ಇಂಗ್ಲೆಂಡಿನವರು. ನೀವು ಹೇಳುವ ಎಡಗೈ ಬಲಗೈ ಇದೇ. ಆದರೆ ಕುರ್ಚಿಗೆ ತನ್ನದೇ ಆದ ನಿಷ್ಠೆ ಇರುತ್ತದೆ. ಅಪ್ಪನ ಮನೆಯಲ್ಲಿ ಹುಟ್ಟಿದ ಮಗಳು ಗಂಡನ ಮನೆಯ ಪರವಾಗಿ ಅಪ್ಪನ ಹತ್ತಿರವೇ ಆಸ್ತಿಯ ಮಾತಾಡುವುದನ್ನು ನಾವು ನೋಡಿಲ್ಲವೇ? 1958ರಿಂದ ಹಾಂಗ್‌ಕಾಂಗ್ ತನ್ನ ಬಜೆಟ್ಟಿಗೆ ಲಂಡನ್ನಿನ ಮಂಜೂರಾತಿ ಪಡೆಯಬೇಕಿರಲಿಲ್ಲ. ಹತ್ತು ವರ್ಷ ಸ್ವಂತ ಲೆಕ್ಕ ಬರೆದವರಿಗೆ ಆ ಹಣ ತಮ್ಮ ಊರಿನದು ಎಂಬ ಭಾವನೆ ಬಲಿತಿತ್ತು.

ಅವರ ವಾದ ಸರಳವಾಗಿತ್ತು: ಇನ್ನೊಮ್ಮೆ ಪೌಂಡ್ ಬಿದ್ದರೆ ನಮಗೆ ತಡೆಯುವ ಶಕ್ತಿಯಿಲ್ಲ. ಖಾತರಿ ಕೊಡಿ, ಇಲ್ಲವೇ ಮೀಸಲಿನ ಒಂದು ಭಾಗವನ್ನು ಡಾಲರಿಗೆ ಬದಲಾಯಿಸಲು ಬಿಡಿ. ಲಂಡನ್ ಬರೀ ಆದೇಶ ಹೊರಡಿಸಿ ಬಾಯಿ ಮುಚ್ಚಿಸಬಹುದಿತ್ತು. ಮುಚ್ಚಿಸಲಿಲ್ಲ. ಮೊದಲನೆಯ ಕಾರಣ ಗಡಿಯಾಚೆಯ ಚೀನಾ. ವಸಾಹತಿನ ದುಡ್ಡು ಹಿಡಿದಿಟ್ಟು ಬ್ರಿಟನ್ ತನ್ನ ನಾಣ್ಯ ಉಳಿಸಿಕೊಳ್ಳುತ್ತಿದೆ ಎಂಬ ಮಾತು ಪೀಕಿಂಗಿನ ಪ್ರಚಾರಕ್ಕೆ ಕೈಗೆ ಕೊಟ್ಟ ಕೋಲಾಗುತ್ತಿತ್ತು. ಎರಡನೆಯದು ಇನ್ನೂ ಸೂಕ್ಷ್ಮ. ಆಸ್ಟ್ರೇಲಿಯಾ, ಮಲೇಷ್ಯಾ, ಕುವೈತ್, ಐರ್ಲೆಂಡ್ ಎಲ್ಲವೂ ಲಂಡನ್ನಿನಲ್ಲಿ ಪೌಂಡ್ ಇಟ್ಟಿದ್ದವು. ಅವು ಹಾಂಗ್‌ಕಾಂಗನ್ನೇ ನೋಡುತ್ತಿದ್ದವು. ವಸಾಹತಿನ ಕತ್ತು ಹಿಸುಕಿದರೆ ಉಳಿದವರು ಗಾಬರಿಬಿದ್ದು ಪೌಂಡ್ ಮಾರುತ್ತಾರೆ. ವಸಾಹತಿಗೆ ಖಾತರಿ ಕೊಟ್ಟರೆ ನಮಗೂ ಕೊಡಿ ಎಂದು ಸಾಲುಗಟ್ಟುತ್ತಾರೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಆಗ ಖಜಾನೆಯವರು ಕಂಡುಕೊಂಡ ಉಪಾಯ ಜಾಣತನದ್ದು. ಖಾತರಿ ಎಂಬ ಪದವನ್ನೇ ಬಳಸದೆ ಖಾತರಿ ಕೊಡುವುದು! ಹಾಂಗ್‌ಕಾಂಗ್ ತನ್ನ ಮೀಸಲಿನ ಅರ್ಧದವರೆಗೆ, ಹಾಂಗ್‌ಕಾಂಗ್ ಡಾಲರಿನಲ್ಲೇ ಮುಖಬೆಲೆ ನಮೂದಿಸಿದ ಬ್ರಿಟಿಷ್ ಸರ್ಕಾರದ ಬಾಂಡುಗಳಲ್ಲಿ ಇಡಬಹುದು ಎಂದರು. ಪೌಂಡ್ ಬಿದ್ದರೂ ಬಾಂಡಿನ ಮೇಲಿನ ಸಂಖ್ಯೆ ಬೀಳುವುದಿಲ್ಲ. ಹೆಸರಿಗೆ ಅದು ಮಾಮೂಲಿ ಸಾಲಪತ್ರ, ಒಳಗೆ ಅದು ವಿನಿಮಯ ದರದ ಖಾತರಿ. ಇದು ವಸಾಹತೊಂದರ ವಿಶೇಷ ಪ್ರಕರಣ, ಸ್ವತಂತ್ರ ದೇಶಗಳಿಗೆ ಅನ್ವಯಿಸದು ಎಂಬ ಸಬೂಬು ಸಿದ್ಧವಿತ್ತು. ಆ ಸಬೂಬು ಯಾರಿಗೂ ರುಚಿಸಲಿಲ್ಲ. ಬ್ರಿಟನ್ನಿನ ಅಡಿಯಾಳಾಗಿರುವವನಿಗೆ ರಕ್ಷಣೆ, ಸ್ವತಂತ್ರನಾದವನಿಗೆ ಇಲ್ಲ ಎಂದರೆ ಕ್ವಾಲಾಲಂಪುರದಲ್ಲಿ ಯಾರು ಕೇಳುತ್ತಾರೆ?

ಹಾಗಾಗಿ ಕೆಲವೇ ತಿಂಗಳಲ್ಲಿ ಇಡೀ ಸ್ಟರ್ಲಿಂಗ್ ವಲಯಕ್ಕೇ, ಅಂದರೆ ಮೀಸಲನ್ನು ಪೌಂಡಿನಲ್ಲಿಟ್ಟಿದ್ದ ದೇಶಗಳಿಗೆಲ್ಲ, ಒಂದು ಏರ್ಪಾಡು ಬಂತು. ಅದೇ 1968ರ ಸೆಪ್ಟೆಂಬರಿನ ಬಾಸೆಲ್ ಒಪ್ಪಂದ. (ಮಂಗಳೂರಿಗೆ ಹೆಂಚು, ಅಚ್ಚುಕೂಟ, ಕಿಟ್ಟೆಲ್ಲರನ್ನು ಕಳಿಸಿದ ಬಾಸೆಲ್ ಮಿಷನ್ನಿನ ಅದೇ ಸ್ವಿಸ್ ಊರು. ಜಗತ್ತಿನ ಕೇಂದ್ರ ಬ್ಯಾಂಕುಗಳ ಬ್ಯಾಂಕು ಇರುವುದು ಅಲ್ಲಿ.) ಶ್ರೀಮಂತ ದೇಶಗಳ ಕೇಂದ್ರ ಬ್ಯಾಂಕುಗಳು ಸೇರಿ ಬ್ರಿಟನ್ನಿಗೆ 200 ಕೋಟಿ ಡಾಲರಿನ ಬೆಂಬಲ ಸಾಲ ಕೊಟ್ಟವು. ಅದರ ಬಲದ ಮೇಲೆ ಬ್ರಿಟನ್ ಸ್ಟರ್ಲಿಂಗ್ ದೇಶಗಳಿಗೆ ಹೇಳಿತು: ನಿಮ್ಮ ಒಟ್ಟು ಮೀಸಲಿನ ಶೇ 10ನ್ನು ಬಿಟ್ಟು, ಅದಕ್ಕಿಂತ ಮೇಲಿರುವ ಪೌಂಡಿಗೆಲ್ಲ ಡಾಲರ್ ಲೆಕ್ಕದಲ್ಲಿ ಬೆಲೆಯ ಖಾತರಿ. ಬದಲಿಗೆ ನಿಮ್ಮ ಮೀಸಲಿನಲ್ಲಿ ಇಂತಿಷ್ಟು ಪಾಲು ಪೌಂಡಿನಲ್ಲೇ ಇರಬೇಕು.

ಆ ‘ಇಂತಿಷ್ಟು’ ಎಂಬುದರಲ್ಲಿದೆ ಕಥೆಯ ಸ್ವಾರಸ್ಯ. ಅದರ ಹೆಸರು ಕನಿಷ್ಠ ಸ್ಟರ್ಲಿಂಗ್ ಪ್ರಮಾಣ. ಆಸ್ಟ್ರೇಲಿಯಾ ಒಪ್ಪಿದ್ದು ಶೇ 40ಕ್ಕೆ. ಹಾಂಗ್‌ಕಾಂಗ್ ಒಪ್ಪಿದ್ದು ಶೇ 99ಕ್ಕೆ. ವಸಾಹತನ್ನು ಹಿಂಡಿದರು ಎಂದು ಇದನ್ನು ನೋಡಿದ ಕೂಡಲೇ ಅನ್ನಿಸುತ್ತದೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಈಗ ಅರ್ಧ ಮಾತ್ರ ಒಪ್ಪುತ್ತೇನೆ. ಹಾಂಗ್‌ಕಾಂಗ್ ಮೀಸಲು ಮೊದಲಿನಿಂದಲೂ ಹೆಚ್ಚುಕಡಿಮೆ ಪೂರ್ತಿ ಪೌಂಡಿನಲ್ಲೇ ಇತ್ತು. ಇಲ್ಲದ್ದನ್ನು ಬಿಟ್ಟುಕೊಡಬೇಕಾಗಿ ಬರಲಿಲ್ಲ. ಆ 99ರ ಬದಲಿಗೆ ತನ್ನ ವಾಣಿಜ್ಯ ಬ್ಯಾಂಕುಗಳ ಪೌಂಡುಗಳನ್ನೂ ಎಕ್ಸ್‌ಚೇಂಜ್ ಫಂಡಿನ ಮೂಲಕ ಖಾತರಿಯ ಸೂರಿನಡಿಗೆ ತಂದುಕೊಂಡಿತು. ಖಾತರಿ ಸರ್ಕಾರಗಳ ಮೀಸಲಿಗೆಂದು ಮಾಡಿದ್ದು, ಇವರು ಬ್ಯಾಂಕುಗಳಿಗೂ ಗಿಟ್ಟಿಸಿದರು. ಕೌಪರ್ತ್‌ವೇಟ್ ಅವರ ಕೈಚಳಕ ಕಾಣುವುದು ಅಲ್ಲಿ. ಉಳಿದರ್ಧ ನಿಜ: ಆಸ್ಟ್ರೇಲಿಯಾ ಬೇಕೆಂದಾಗ ಹೊರಗೆ ಕಾಲಿಡಬಹುದಿತ್ತು, ಹಾಂಗ್‌ಕಾಂಗಿಗೆ ಶೇ 1ರ ಕಿಟಕಿ ಬಿಟ್ಟರೆ ಬಾಗಿಲೇ ಇರಲಿಲ್ಲ.

ಇನ್ನು ಕಾಗದಪತ್ರದ ರೀತಿ. ಸ್ವತಂತ್ರ ದೇಶಗಳ ಜೊತೆ ಇದು ಸರ್ಕಾರದಿಂದ ಸರ್ಕಾರಕ್ಕೆ ಪತ್ರ ವಿನಿಮಯ, ಅಂತರರಾಷ್ಟ್ರೀಯ ಬದ್ಧತೆ. ಹಾಂಗ್‌ಕಾಂಗ್ ಜೊತೆ ಅದೇ ಒಕ್ಕಣೆ ಇದ್ದರೂ ಅದು ಮನೆಯೊಳಗಿನ ಪತ್ರವ್ಯವಹಾರ. ಬ್ರಿಟನ್ ಮಾತು ತಪ್ಪಿದರೆ ಹಾಂಗ್‌ಕಾಂಗ್ ಯಾವ ನ್ಯಾಯಾಲಯಕ್ಕೆ ಹೋಗಬೇಕು? ಆ ಪತ್ರಗಳು ಓಡಾಡಿದ ಕಚೇರಿಯ ಬೋರ್ಡು ಕೂಡ ಆ ಕಾಲದಲ್ಲಿ ನಿಲ್ಲುತ್ತಿರಲಿಲ್ಲ. ವಸಾಹತು ಕಚೇರಿ 1966ರಲ್ಲಿ ಕಾಮನ್‌ವೆಲ್ತ್ ಕಚೇರಿಯಲ್ಲಿ ಕರಗಿತು, ಅದು 1968ರ ಅಕ್ಟೋಬರಿನಲ್ಲಿ ವಿದೇಶಾಂಗ ಕಚೇರಿಯ ಜೊತೆ ಸೇರಿತು. ಅಂದರೆ ಸ್ವಂತ ವಸಾಹತಿನ ಕಡತವನ್ನು ಕಡೆಗೆ ವಿದೇಶಾಂಗದವರೇ ನೋಡಬೇಕಾಯಿತು. ಪದ ಆಯ್ಕೆಯಲ್ಲಿ ಅವರ ಎಚ್ಚರಿಕೆಗೆ ಅದೂ ಒಂದು ಕಾರಣವೆಂದು ನನ್ನ ಊಹೆ. ಆದೇಶ ಕೊಡುವ ಅಧಿಕಾರವಿದ್ದವನು ಆದೇಶ ಕೊಡದೆ ‘ಒಪ್ಪಿಗೆಯಾಗಿದೆ’ ಎಂದು ಬರೆಯುವಂತೆ ಮಾಡಿಸಿಕೊಂಡದ್ದೇ ಹಾಂಗ್‌ಕಾಂಗಿನ ಗೆಲುವು.

ನಿಮ್ಮ ಎರಡನೆಯ ಪ್ರಶ್ನೆ ನಮಗೆ ಹತ್ತಿರದ್ದು, ನೋವಿನದೂ ಹೌದು. 1939ರ ಹಣಕಾಸು ಇತ್ಯರ್ಥದಂತೆ ಯುದ್ಧದ ಖರ್ಚಿನಲ್ಲಿ ಬ್ರಿಟನ್ನಿನ ಪಾಲನ್ನು ಭಾರತ ಇಲ್ಲಿ ರೂಪಾಯಿಯಲ್ಲಿ ಖರ್ಚು ಮಾಡುವುದು, ಬ್ರಿಟನ್ ಅಲ್ಲಿ ಪೌಂಡಿನಲ್ಲಿ ಖಾತೆಗೆ ಜಮಾ ಮಾಡುವುದು ಎಂದಾಗಿತ್ತು. ಆ ಪೌಂಡನ್ನು ಆಸ್ತಿಯೆಂದು ತೋರಿಸಿ ರಿಸರ್ವ್ ಬ್ಯಾಂಕ್ ನೋಟು ಅಚ್ಚು ಹಾಕಿತು. ದರ ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್. ಜಮಾ ಆದದ್ದು ಲಂಡನ್ನಿನ ಪುಸ್ತಕದಲ್ಲಿ, ಬೆಲೆ ಏರಿದ್ದು ಇಲ್ಲಿನ ಸಂತೆಯಲ್ಲಿ. ಯುದ್ಧ ಮುಗಿದಾಗ ಬಾಕಿ ಸುಮಾರು 130 ಕೋಟಿ ಪೌಂಡ್. ಬಂಗಾಳದ ಕ್ಷಾಮವೂ ಆ ಅಂಕಿಯೂ ಒಂದೇ ಕಾಲದವು ಎಂಬುದನ್ನು ಮರೆತು ಇದನ್ನು ಬರೀ ಬ್ಯಾಂಕಿಂಗ್ ವಿಷಯವಾಗಿ ಓದುವುದು ನನಗೆ ಸಾಧ್ಯವಾಗಿಲ್ಲ.

1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಹಣಕಾಸು ಸಮ್ಮೇಳನದಲ್ಲಿ ಭಾರತದ ನಿಯೋಗ ಈ ಬಾಕಿಯ ಪ್ರಶ್ನೆ ಎತ್ತಿತು. ನಾಯಕ ಜೆರೆಮಿ ರೈಸ್‌ಮನ್, ಬ್ರಿಟಿಷರು. ಜೊತೆಗೆ ಸಿ.ಡಿ. ದೇಶಮುಖ್, ಷಣ್ಮುಖಂ ಚೆಟ್ಟಿ, ಎ.ಡಿ. ಶ್ರಾಫ್. ಬ್ಯಾಂಕಿನಲ್ಲಿ ಹತ್ತು ಲಕ್ಷ ಡಾಲರ್ ಇದ್ದೂ ಟ್ಯಾಕ್ಸಿ ಬಾಡಿಗೆಗೆ ಕಾಸಿಲ್ಲದವನ ಸ್ಥಿತಿ ನಮ್ಮದು ಎಂಬರ್ಥದ ಮಾತನ್ನು ಶ್ರಾಫ್ ಅಲ್ಲಿ ಆಡಿದರು. ಬ್ರಿಟನ್ ಪರ ಅರ್ಥಶಾಸ್ತ್ರಜ್ಞ ಕೇನ್ಸ್ ಎದ್ದು, ಗೌರವದಿಂದ ತೀರಿಸುತ್ತೇವೆ ಎಂದರು. ಗೌರವಕ್ಕೆ ಡಾಲರಿನ ದರ ನಮೂದಾಗಿರಲಿಲ್ಲ. 14 ಆಗಸ್ಟ್ 1947, ಧ್ವಜ ಏರುವ ಹಿಂದಿನ ದಿನ, ಲಂಡನ್ನಿನಲ್ಲಿ ಸಹಿಯಾದ ಮಧ್ಯಂತರ ಒಪ್ಪಂದದಲ್ಲಿ ನಮ್ಮ ಹಣ ಎರಡು ಖಾತೆಗಳಾಯಿತು. ಒಂದನೇ ಖಾತೆಯಲ್ಲಿ ಖರ್ಚಿಗೆ ಸಿಗುವ 6.5 ಕೋಟಿ ಪೌಂಡ್. ಎರಡನೆಯದರಲ್ಲಿ ಉಳಿದದ್ದೆಲ್ಲ, ಬೀಗ ಹಾಕಿ. 1948ರಲ್ಲಿ ಸುಮಾರು 10 ಕೋಟಿ ಪೌಂಡನ್ನು ಬ್ರಿಟನ್ ಇಲ್ಲಿ ಬಿಟ್ಟುಹೋದ ಸೇನಾ ಸಾಮಗ್ರಿಗೆಂದೂ, ಸುಮಾರು 17 ಕೋಟಿಯನ್ನು ನಿವೃತ್ತ ಬ್ರಿಟಿಷ್ ಅಧಿಕಾರಿಗಳ ಪಿಂಚಣಿಗೆಂದೂ ಮುರಿದುಕೊಂಡರು. ನಮ್ಮನ್ನಾಳಿದವರ ಪಿಂಚಣಿಯನ್ನು ನಾವು ಮುಂಗಡವಾಗಿಯೇ ಕಟ್ಟಿದೆವು ಅನ್ನಿ.

18 ಸೆಪ್ಟೆಂಬರ್ 1949ರಂದು ಪೌಂಡ್ 4.03 ಡಾಲರಿನಿಂದ 2.80ಕ್ಕೆ ಬಿತ್ತು, ಶೇ 30.5. ಮಂಗಳೂರಿನ ಬೆನಗಲ್ ಮನೆತನದ ರಾಮರಾವ್ ಅವರು (ಸಂವಿಧಾನದ ಕರಡಿಗೆ ದುಡಿದ ಬಿ.ಎನ್. ರಾವ್ ಅವರ ತಮ್ಮ) ರಿಸರ್ವ್ ಬ್ಯಾಂಕ್ ಗವರ್ನರಾಗಿ ಮೂರು ತಿಂಗಳೂ ಆಗಿರಲಿಲ್ಲ. ರೂಪಾಯಿಯೂ ಜೊತೆಗೇ ಇಳಿಯಿತು. ಉಳಿದ ಬಾಕಿಯ ಡಾಲರ್ ಬೆಲೆ ಒಂದೇ ರಾತ್ರಿಯಲ್ಲಿ ಮೂರನೇ ಒಂದರ ಹತ್ತಿರ ಕರಗಿತು. ಖಾತರಿ ಇರಲಿಲ್ಲ.

ಸ್ವತಂತ್ರ ಭಾರತಕ್ಕೆ ಸಿಗದ್ದು ವಸಾಹತು ಹಾಂಗ್‌ಕಾಂಗಿಗೆ ಸಿಕ್ಕಿತು ಎಂಬ ಈ ವಿಚಿತ್ರಕ್ಕೆ ನನ್ನ ಉತ್ತರ ಇಷ್ಟು: ಅವತ್ತು ನಾವು ಎದ್ದು ಹೋಗುವ ಹಾಗಿರಲಿಲ್ಲ. ಹಣ ಬೀಗದೊಳಗಿತ್ತು, ಕೀಲಿಕೈ ಸಾಲಗಾರನ ಹತ್ತಿರವಿತ್ತು. ಬೀಗ ಹಾಕಿದ ಹಣಕ್ಕೆ ಯಾರೂ ಖಾತರಿ ಕೊಡುವುದಿಲ್ಲ, ಅಗತ್ಯವೇ ಇಲ್ಲ. 1968ರ ಹೊತ್ತಿಗೆ ಬೀಗ ಹಾಕುವ ಧೈರ್ಯ ಬ್ರಿಟನ್ನಿಗೆ ಉಳಿದಿರಲಿಲ್ಲ. ಒಂದೇ ಒಂದು ಖಾತೆಗೆ ಬೀಗ ಹಾಕಿದರೂ ಲಂಡನ್ನಿನ ಬ್ಯಾಂಕಿಂಗ್ ಹೆಸರೇ ಹೋಗುತ್ತಿತ್ತು. ಭಾರತಕ್ಕೆ ನ್ಯಾಯದ ವಾದವಿತ್ತು, ಹಾಂಗ್‌ಕಾಂಗಿಗೆ ಮಾರಿಬಿಡುತ್ತೇನೆಂಬ ಬೆದರಿಕೆ ಇತ್ತು. ಮೀಸಲು ನಿಧಿಯ ಮಾತುಕತೆಯಲ್ಲಿ ಎರಡನೆಯದಕ್ಕೆ ತೂಕ ಜಾಸ್ತಿ.

ಕೊನೆಯದಾಗಿ, ದುಡ್ಡು ಬಂತೇ? ಬಂತು, ಆದರೆ ನೆನೆದಷ್ಟು ಸುಖ ಕೊಡಲಿಲ್ಲ. ಷರತ್ತು ಹೀಗಿತ್ತು: ಪೌಂಡ್ 2.3760 ಡಾಲರಿಗಿಂತ ಕೆಳಗೆ ಸತತ 30 ದಿನ ಇದ್ದರೆ 2.40ರ ಲೆಕ್ಕಕ್ಕೆ ಕೊರತೆ ತುಂಬಿಕೊಡಬೇಕು. 1971ರಲ್ಲಿ ಒಪ್ಪಂದ ಎರಡು ವರ್ಷ ಮುಂದುವರಿಯಿತು, ಹಾಂಗ್‌ಕಾಂಗಿನ ಕನಿಷ್ಠ ಪ್ರಮಾಣ 99ರಿಂದ 89ಕ್ಕೆ ಇಳಿಯಿತು. 1972ರ ಜೂನ್‌ನಲ್ಲಿ ಬ್ರಿಟನ್ ಪೌಂಡನ್ನು ತೇಲಿಬಿಟ್ಟಿತು, ಅಂದರೆ ಅದರ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಜುಲೈನಲ್ಲಿ ಹಾಂಗ್‌ಕಾಂಗ್ ಪೌಂಡಿನ ಕೈಬಿಟ್ಟು ಅಮೆರಿಕನ್ ಡಾಲರಿಗೆ 5.65ರಂತೆ ಗಂಟು ಹಾಕಿಕೊಂಡಿತು. ನಾಣ್ಯ ಡಾಲರಿಗೆ, ಮೀಸಲು ಇನ್ನೂ ಪೌಂಡಿಗೆ. ಒಂದು ಕಾಲು ದೋಣಿಯಲ್ಲಿ, ಇನ್ನೊಂದು ದಡದಲ್ಲಿ. ಆ ನವೆಂಬರಿನಲ್ಲಿ 30 ದಿನದ ಷರತ್ತು ತುಂಬಿತು, ಬ್ರಿಟನ್ ಕೊರತೆ ತುಂಬಿತು. ಕೊಟ್ಟದ್ದು ಪೌಂಡಿನಲ್ಲೇ.

ಅಷ್ಟರಲ್ಲಿ ಯಾರೂ ಒಪ್ಪಂದದಲ್ಲಿ ಬರೆದಿರದ ಸಂಗತಿ ನಡೆಯಿತು. ಖಾತರಿಯ ಅಳತೆಗೋಲಾದ ಡಾಲರೇ ಕುಗ್ಗಿತು. 1973ರ ಫೆಬ್ರವರಿಯಲ್ಲಿ ಅಮೆರಿಕ ಶೇ 10 ಅಪಮೌಲ್ಯ ಮಾಡಿದಾಗ ಹಾಂಗ್‌ಕಾಂಗ್ ತನ್ನ ದರವನ್ನು 5.085ಕ್ಕೆ ತಂದಿತು. ಖಾತರಿ ಮಾತ್ರ 2.40 ಡಾಲರಿನಲ್ಲೇ ನಿಂತಿತ್ತು. ಈಗ ಲೆಕ್ಕ ಹಾಕಿ: 1967ರಲ್ಲಿ 16 ಹಾಂಗ್‌ಕಾಂಗ್ ಡಾಲರ್ ಇದ್ದ ಪೌಂಡು, ಅಪಮೌಲ್ಯದ ಮೇಲೆ 14.55, ಖಾತರಿಯ ದರದಲ್ಲಿ 1972ರಲ್ಲಿ 13.56, 1973ರಲ್ಲಿ 12.20. ಖಾತರಿ ಮುರಿಯಲಿಲ್ಲ, ಒಂದಕ್ಷರವೂ ತಪ್ಪಲಿಲ್ಲ, ಆದರೂ ಇಷ್ಟು ಸೋರಿಹೋಯಿತು. 1973ರ ಸೆಪ್ಟೆಂಬರಿನಲ್ಲಿ ಒಪ್ಪಂದದ ಅವಧಿ ಮುಗಿದಾಗ ಈ ಸಲ ಪತ್ರ ವಿನಿಮಯವೂ ಇರಲಿಲ್ಲ, ಚೌಕಾಸಿಯೂ ಇರಲಿಲ್ಲ. ಇನ್ನಾರು ತಿಂಗಳು 2.4213 ಡಾಲರಿನ ಲೆಕ್ಕದಲ್ಲಿ ಖಾತರಿ ಇರುತ್ತದೆ ಎಂದು ಲಂಡನ್ ತಾನೇ ಸಾರಿತು. ಆಮೇಲೆ ಇನ್ನಷ್ಟು ತಿಂಗಳು ಎಳೆಯಿತು. 1974ರ ಡಿಸೆಂಬರ್ 31ಕ್ಕೆ ಅದೂ ನಿಂತಿತು. ಅದಕ್ಕೆ ಒಂದು ತಿಂಗಳ ಮೊದಲೇ ಹಾಂಗ್‌ಕಾಂಗ್ ತನ್ನ ಡಾಲರನ್ನು ತೇಲಿಬಿಟ್ಟಿತ್ತು.